ಒಬ್ಬಳೇ ನಕ್ಕದ್ದು ಸಾಕು ಎಂದ ಟೀಚರ್

ಉಪ್ಪಿನಂಗಡಿಯಲ್ಲಿ ಮೊನ್ನೆ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಟೀಚರ ಬಗ್ಗೆ ಮಾತನಾಡಿದವರೆಲ್ಲ ಅವರನ್ನು ಮೃದುಭಾಷಿ ಎಂದರು. ಒಬ್ಬರು ಸಹನೆಯ ಮೂರ್ತಿ ಎಂದರು. ಇನ್ನೊಬ್ಬರು, ಅವರು ಯಾರಿಗೂ ಎದುರಾಡಿದವರೇ ಅಲ್ಲ ಎಂದು ಹೇಳಿ ಕಣ್ಣೊರೆಸಿಕೊಂಡರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಾನೂ ಸುಳ್ಯದ ವಕೀಲರೂ ಮುಖ ಮುಖ ನೋಡಿಕೊಂಡೆವು. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು, ಒಪ್ಪಿದೆ. ಆದರೆ ಬೇರೆ ಯಾರದೋ ಒಳ್ಳೆಯತನವನ್ನು ತಂದು ಇವರ ತಲೆಗೆ ಕಟ್ಟುವುದು ಯಾವ ನ್ಯಾಯ? ನಾನು ಬಲ್ಲ ಟೀಚರಿಗೆ ಜಗಳ ಇಷ್ಟ, ಗೆಲ್ಲುವುದು ಇನ್ನೂ ಇಷ್ಟ. ಗೆದ್ದ ಮೇಲೆ ಅದನ್ನು ಮುಚ್ಚಿಟ್ಟುಕೊಳ್ಳುವ ಸಜ್ಜನಿಕೆಯಂತೂ ಅವರಿಗೆ ಇರಲೇ ಇಲ್ಲ. ಅದಕ್ಕೇ ಅವರನ್ನು ಕಂಡರೆ ನನಗೆ ಅಷ್ಟು ಪ್ರೀತಿ.

ನನ್ನದು ಪುತ್ತೂರಿನಲ್ಲಿ ಒಂದು ಕನ್ನಡಕದ ಅಂಗಡಿ. ಅವರು ಮೊದಲ ಸಲ ಬಂದದ್ದು ಓದುವ ಕನ್ನಡಕ ಮಾಡಿಸಲಿಕ್ಕೆ. ಆಗ ಕಡಬದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಗಿಡ್ಡ ಆಳು, ಬಿಗಿಯಾಗಿ ಸುತ್ತಿದ ಬಿಳಿ ಸ್ಕಾರ್ಫ್, ಹೆಗಲಲ್ಲಿ ಭಾರಕ್ಕೆ ಒಂದು ಬದಿ ಜೋತುಬಿದ್ದ ಚೀಲ. ನಾನು ಗೋಡೆಯ ಮೇಲಿನ ಅಕ್ಷರಗಳ ಪಟ ತೋರಿಸಿದೆ. ಅವರು ಕೊನೆಯ ಸಾಲಿನವರೆಗೆ ಓದಿ, ಇದರಲ್ಲಿ ಒಂದು ಕಥೆಯೂ ಇಲ್ಲವಲ್ಲ, ಇದನ್ನು ಓದಿ ಯಾರಿಗೇನು ಲಾಭ ಎಂದು ಚೀಲದಿಂದ ತಮ್ಮದೇ ಪುಸ್ತಕ ತೆಗೆದರು. ನಾನು ಒಂದೊಂದೇ ಗಾಜು ಬದಲಿಸುತ್ತ ಹೋದೆ, ಅವರು ಓದುತ್ತ ಹೋದರು. ಹೊರಗೆ ಬೆಂಚಿನಲ್ಲಿ ಗಿರಾಕಿಗಳು ಕಾಯುತ್ತಿದ್ದರು. ಕೊನೆಗೆ ಪುಸ್ತಕ ಮಡಚಿ, ಮೂರನೆಯ ಗಾಜೇ ಸರಿ ಇತ್ತು ಎಂದರು. ಮತ್ತೆ ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ಕಥೆ ಒಳ್ಳೆಯ ಜಾಗಕ್ಕೆ ಬಂದಿತ್ತು ಎಂದರು. ಸಿಟ್ಟು ಬಂತು, ನಗುವೂ ಬಂತು. ಮುಂದಿನ ಭಾನುವಾರ ನಮ್ಮ ಓದುವ ಬಳಗಕ್ಕೆ ಬನ್ನಿ ಎಂದು ನಾನೇ ಕರೆದೆ.

ಬಳಗ ಸೇರುವುದು ನನ್ನ ಅಂಗಡಿಯ ಮಾಳಿಗೆಯಲ್ಲಿ, ತಿಂಗಳಿಗೊಂದು ಭಾನುವಾರ, ಊಟವಾದ ಮೇಲೆ. ಒಂದು ತಿಂಗಳು ಕನ್ನಡದ ಪುಸ್ತಕ, ಮರುತಿಂಗಳು ಹೊರಗಿನದು. ಹೊರಗಿನದು ಕನ್ನಡಕ್ಕೆ ಬಂದಿದ್ದರೆ ಕನ್ನಡದಲ್ಲಿ, ಇಲ್ಲದಿದ್ದರೆ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಬಾರದವರಿಗೆ ಬಂದವರು ಕಥೆ ಹೇಳಬೇಕು. ಇಷ್ಟು ಎಲ್ಲ ಊರಿನಲ್ಲೂ ಇದ್ದೀತು. ಪುಸ್ತಕ ಆರಿಸುವ ಕ್ರಮ ಮಾತ್ರ ನಮ್ಮದೇ. ಬಳಗ ಕಟ್ಟಿದವರಲ್ಲಿ ಅರ್ಧಕ್ಕರ್ಧ ಯಕ್ಷಗಾನದ ತಾಳಮದ್ದಳೆಯ ಹುಚ್ಚಿನವರು. ವೇಷ ಇಲ್ಲ, ಕುಣಿತ ಇಲ್ಲ, ಕುಳಿತಲ್ಲೇ ಒಬ್ಬ ಒಂದು ಪಾತ್ರವಾಗಿ, ಎದುರಿನವ ಇನ್ನೊಂದು ಪಾತ್ರವಾಗಿ ವಾದಕ್ಕೆ ವಾದ ಕೊಡುವುದು ನಮ್ಮವರಿಗೆ ಊಟಕ್ಕಿಂತ ರುಚಿ. ಆದ್ದರಿಂದ ನಮ್ಮಲ್ಲಿ ಯಾರೂ ಸುಮ್ಮನೆ ಈ ಪುಸ್ತಕ ಚೆನ್ನಾಗಿದೆ ಎನ್ನುವ ಹಾಗಿಲ್ಲ. ಆ ಪುಸ್ತಕದ ಒಂದು ಪಾತ್ರವಾಗಿ ಕುಳಿತು ಅರ್ಥ ಹೇಳಬೇಕು, ಅಂದರೆ ಆ ಪಾತ್ರದ ಮಾತನ್ನು ಅಲ್ಲೇ ಕಟ್ಟಿ ಆಡಬೇಕು. ಬೇಕಾದವರು ಎದುರು ಪಾತ್ರವಾಗಿ ಕುಳಿತುಕೊಳ್ಳಬಹುದು. ವಾದ ಮುಗಿದ ಮೇಲೆ ಕೈ ಎತ್ತಿಸಿ ತೀರ್ಮಾನ. ಮಳೆಗಾಲ ಹಿಡಿಯುವ ಮೊದಲು ಒಂದು ಭಾನುವಾರ ಇಡೀ ವರ್ಷದ ಆಯ್ಕೆ ಮುಗಿಯುತ್ತದೆ. ಆ ದಿನ ನಮ್ಮಲ್ಲಿ ಗೈರುಹಾಜರಿಯೇ ಇಲ್ಲ.

ಎದುರು ಪಾತ್ರಕ್ಕೆ ಹುಟ್ಟಿದವರು ಸುಳ್ಯದ ವಕೀಲರು. ಎರಡು ಮೂರು ತಾಲೂಕಿನಲ್ಲಿ ಅವರ ಅರ್ಥಗಾರಿಕೆಗೆ ಹೆಸರಿದೆ. ಶಾಲು ಸರಿಮಾಡಿಕೊಂಡು ಒಂದು ಸಲ ಗಂಟಲು ಕೆರೆದರೆಂದರೆ ಅವರ ಎದುರು ಕುಳಿತವರಿಗೆ ತಮ್ಮ ಹೆಸರೇ ಮರೆತುಹೋಗಬೇಕು. ಟೀಚರಿಗೆ ಮರೆಯುತ್ತಿರಲಿಲ್ಲ. ಅವರ ಉಪಾಯ ಸರಳ. ವಾದಕ್ಕೆ ಕುಳಿತ ಕೂಡಲೆ ಕನ್ನಡಕ ತೆಗೆದು ಮಡಿಲಲ್ಲಿಡುತ್ತಿದ್ದರು. ಎದುರಿನವರ ಮುಖ ಮಸುಕಾದರೆ ಹೆದರಿಕೆ ಆಗುವುದಿಲ್ಲವಂತೆ. ನಾನು ಅಷ್ಟು ಕಷ್ಟಪಟ್ಟು ಮಾಡಿಕೊಟ್ಟ ಕನ್ನಡಕದ ಬಗ್ಗೆ ಹೀಗೆ ಹೇಳಬಹುದೇ ಎಂದು ನಾನು ತಕರಾರು ಮಾಡಿದ್ದುಂಟು.

ಅವರ ಓದಿನ ಕಥೆ ಶುರುವಾದದ್ದು ಒಂದು ರಟ್ಟಿನ ಪೆಟ್ಟಿಗೆಯಿಂದ. ಟೀಚರ ಗಂಡ ಮೊದಲು ಜೆದ್ದಾದಲ್ಲಿ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಅವರ ಕೋಣೆಯಲ್ಲೇ ಇದ್ದ ಘಾನಾ ದೇಶದವರೊಬ್ಬರು ಊರಿಗೆ ಹೊರಟಾಗ ತಮ್ಮ ಪುಸ್ತಕಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ, ನಿಮ್ಮ ಹೆಂಡತಿ ಇಂಗ್ಲಿಷ್ ಟೀಚರಲ್ಲವೇ, ಕೊಡಿ ಎಂದರಂತೆ. ಗಲ್ಫಿನಿಂದ ಪೆಟ್ಟಿಗೆ ಬಂತೆಂದರೆ ನೆಂಟರಿಷ್ಟರೆಲ್ಲ ಹಾಜರು. ಅತ್ತರು, ಹಾಲಿನ ಪುಡಿ, ಕಂಬಳಿ, ನೋವಿನ ಮುಲಾಮು ಬರುತ್ತದೆಂದು ಕಾಯುತ್ತಿದ್ದವರ ಎದುರು ಪೆಟ್ಟಿಗೆ ತೆರೆದರೆ ಒಳಗೆ ಬರೀ ಹಳೆಯ ಪುಸ್ತಕ! ಅವರ ನಾದಿನಿ ಮೂರು ದಿನ ಮಾತು ಬಿಟ್ಟಿದ್ದಳಂತೆ. ಟೀಚರ್ ಮಾತ್ರ ಅವತ್ತು ಒಂದು ಪುಸ್ತಕ ಎತ್ತಿಕೊಂಡವರು ಮತ್ತೆ ಕೆಳಗಿಡಲಿಲ್ಲ. ಪೆಟ್ಟಿಗೆಯಲ್ಲಿದ್ದದ್ದೆಲ್ಲ ಕಪ್ಪು ಜನರು ಬರೆದದ್ದು. ಆಫ್ರಿಕಾದವರು, ಅಮೆರಿಕದವರು, ವೆಸ್ಟ್ ಇಂಡೀಸಿನ ದ್ವೀಪಗಳವರು.

ಆ ದ್ವೀಪಗಳ ಒಂದು ಕಾದಂಬರಿಯಲ್ಲಿ ಯಾರೋ ಅಂಗಳದಲ್ಲಿ ಬೆಂಕಿ ಮಾಡಿ, ನಮ್ಮ ಹಿತ್ತಿಲಲ್ಲೇ ಬೆಳೆಯುವ ಹಲಸಿನ ಜಾತಿಯ ಜೀಗುಜ್ಜೆ ಸುಡುತ್ತಾರಂತೆ. ಅದನ್ನು ಹೇಳುವಾಗಲೆಲ್ಲ ಟೀಚರ ಧ್ವನಿ ಏರುತ್ತಿತ್ತು. ಅಷ್ಟು ವರ್ಷ ಅವರು ಮಕ್ಕಳಿಗೆ ಹಿಮ ಬೀಳುವ ಪಾಠ, ಅಗ್ಗಿಷ್ಟಿಕೆಯ ಪಾಠ, ಯಾರೂ ಕಾಣದ ಹೂವಿನ ಪಾಠ ಮಾಡಿದವರು. ಇಂಗ್ಲಿಷಿನಲ್ಲಿ ಜೀಗುಜ್ಜೆಯೂ ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ ಎಂದು ಅವರು ಹೇಳುತ್ತಿದ್ದದ್ದು ದೂರಿನ ಹಾಗಿರುತ್ತಿತ್ತು. ಓಡಿಹೋಗಿ ಅಡುಗೆಮನೆಯಲ್ಲಿದ್ದ ಅತ್ತೆಗೆ ಹೇಳಿದರಂತೆ. ಅತ್ತೆಗೆ ಇಂಗ್ಲಿಷೂ ಇಲ್ಲ, ಕಾದಂಬರಿಯೂ ಇಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ, ಜೀಗುಜ್ಜೆ ಯಾವ ಮೀನಿನ ಒಟ್ಟಿಗೆ? ಟೀಚರ್ ಹಿಂದೆ ಹೋಗಿ ಪುಟ ತಿರುಗಿಸಿದರೆ ಅಲ್ಲಿತ್ತು, ಒಣಮೀನು. ಅತ್ತೆ ತಲೆಯಾಡಿಸಿ, ಹಾಗಾದರೆ ಒಳ್ಳೆಯ ಜನ ಎಂದರಂತೆ.

ಆದರೆ ಅತ್ತೆ ಒಬ್ಬರೆಷ್ಟು ಕೇಳಿಯಾರು? ಆಮೇಲೆ ಹದಿನೈದು ವರ್ಷ ಟೀಚರ್ ಆ ಪುಸ್ತಕಗಳನ್ನು ಓದಿದರು, ಸಂಬಳದಲ್ಲಿ ಹೊಸದು ತರಿಸಿ ಓದಿದರು, ಒಬ್ಬರೇ ಓದಿದರು. ಶಾಲೆಯಲ್ಲಿ ಮಾತು ತೆಗೆದರೆ ಸಹೋದ್ಯೋಗಿಗಳು ಪಾಪ ಎಂದು ಹೇಳಿ ಬಸ್ಸಿಗೆ ಹೊರಡುತ್ತಿದ್ದರು. ನಮ್ಮ ಬಳಗಕ್ಕೆ ಬಂದಾಗ ಅವರ ಆಸೆ ಒಂದೇ. ಒಂದು ವರ್ಷ, ಹೊರಗಿನ ಪುಸ್ತಕಗಳೆಲ್ಲ ಇವೇ ಆಗಬೇಕು. ತಾನು ಒಬ್ಬಳೇ ಕಂಡದ್ದನ್ನು ಇಷ್ಟು ಜನ ಒಟ್ಟಿಗೆ ಕುಳಿತು ಕಾಣಬೇಕು.

ನಾವೇನು ಪೂರ್ತಿ ಇಲ್ಲ ಎನ್ನಲಿಲ್ಲ. ವರ್ಷಕ್ಕೊಂದು ಪುಸ್ತಕ, ಅದೂ ಕೈ ಎತ್ತಿಸಿ ನಾವೇ ಆರಿಸಿದ್ದು, ಎಂದು ಕೊಟ್ಟೆವು. ಅದೇ ದೊಡ್ಡ ಔದಾರ್ಯ ಎಂದು ನಮ್ಮ ಎಣಿಕೆ. ಟೀಚರಿಗೆ ಅದು ಸಾಲಲಿಲ್ಲ.

"ಒಂದೇ ಪುಸ್ತಕ ಇಟ್ರೆ ಎಂತ ಆಗ್ತದೆ ಗೊತ್ತುಂಟಾ?" ಎಂದರು ಒಂದು ಸಲ. "ಅದು ಪಾಪ ಇಡೀ ಖಂಡಕ್ಕೆ ಜವಾಬು ಹೇಳ್ಬೇಕಾಗ್ತದೆ. ನಮ್ಮ ಕಡೆಯಿಂದ ಒಂದೇ ಒಂದು ಪುಸ್ತಕ ಹೋಗಿ, ಅಲ್ಲಿಯವರು ಅದನ್ನು ಓದಿ ನಮ್ಮನ್ನೆಲ್ಲ ಅಳೆದ್ರೆ ನಿಮಗೆ ಹಿತ ಆಗ್ತದಾ?"

ಕಾಣಿಯೂರಿನಿಂದ ಬರುವ ಡಾಕ್ಟರಮ್ಮ, ಅಂದರೆ ದನಗಳ ಡಾಕ್ಟರು, ಒಳ್ಳೆಯ ಮನಸ್ಸಿನಿಂದಲೇ ಒಂದು ಸಂಶಯ ಎತ್ತಿದರು. ಬರೆದವರ ಬಣ್ಣ ನೋಡಿ ಪುಸ್ತಕ ಆರಿಸುವುದು ಸರಿಯೇ? ಟೀಚರ್ ಎದ್ದು ಹೋಗಿ ನಮ್ಮ ಕಪಾಟಿನ ಬಾಗಿಲು ತೆರೆದಿಟ್ಟರು. ಅವರು ಬರುವ ಮೊದಲು ಅಷ್ಟು ವರ್ಷದಲ್ಲಿ ನಾವು ಓದಿದ ಹೊರಗಿನ ಪುಸ್ತಕಗಳೆಲ್ಲ ಅಲ್ಲಿದ್ದವು. "ನೀವು ಬಣ್ಣ ನೋಡದೆ ಆರಿಸಿದ್ದು ಇದು. ಆದ್ರೂ ಎಲ್ಲ ಒಂದೇ ಬಣ್ಣ ಬಂದಿದೆ ನೋಡಿ" ಎಂದರು. ಡಾಕ್ಟರಮ್ಮ ಪುಸ್ತಕಗಳ ಮೇಲಿನ ಹೆಸರು ಒಂದೊಂದಾಗಿ ಓದಿ, ಬಾಗಿಲು ಹಾಕಿ ಬಂದು ಕುಳಿತರು.

ಪುಸ್ತಕ ಆರಿಸುವುದರಲ್ಲಿ ಅವರಿಗೆ ಒಂದು ಮಡಿವಂತಿಕೆ ಇತ್ತು. ಓದಿದವರಿಗೆ ಬರೀ ಪಾಪ ಅನ್ನಿಸುವ ಪುಸ್ತಕವನ್ನು ಅವರು ಮೊದಲು ಸೂಚಿಸುತ್ತಿರಲಿಲ್ಲ. ಪಾಪ ಎನ್ನುವುದು ನಮಗೆ ಭಾರೀ ಸುಲಭ, ಹೊಟ್ಟೆಕಿಚ್ಚು ಆಗುವ ಹಾಗಿರಬೇಕು ಎನ್ನುತ್ತಿದ್ದರು. ಅಂದರೆ ಆ ಪುಸ್ತಕದ ಮನೆಯಲ್ಲಿ ನನಗೂ ಒಂದು ದಿನ ಇರಲಿಕ್ಕೆ ಸಿಕ್ಕಿದ್ದರೆ ಎಂದು ಆಸೆಯಾಗಬೇಕು. ಗುಲಾಮಗಿರಿಯ ಕಥೆಗಳನ್ನು ಅವರು ಬಿಟ್ಟವರಲ್ಲ, ಎರಡೆರಡು ಸಲ ಓದಿದವರು. ಆದರೆ ಮೊದಲು ಅವರ ಮನೆಯಲ್ಲಿ ಊಟ ಮಾಡಿ, ಆಮೇಲೆ ಅವರ ದುಃಖ ಕೇಳಿ ಎನ್ನುವುದು ಅವರ ಕ್ರಮ. ವಕೀಲರಿಗೆ ಇದು ಅರ್ಥವೇ ಆಗುತ್ತಿರಲಿಲ್ಲ. ಕಪ್ಪು ಜನರ ಪುಸ್ತಕವೆಂದರೆ ಚಾಟಿ, ಸಂಕೋಲೆ, ಕಣ್ಣೀರು ಎಂದೇ ಅವರ ಲೆಕ್ಕ. ಇಡೀ ವರ್ಷ ಅಳುತ್ತ ಕುಳಿತರೆ ಬಳಗ ಬರ್ಖಾಸ್ತಾದೀತು ಎಂದು ಅವರು ಎಲ್ಲರಲ್ಲೂ ಹೇಳಿಕೊಂಡು ಬರುತ್ತಿದ್ದರು.

ಟೀಚರ್ ನಿವೃತ್ತರಾದ ವರ್ಷ ಈ ಜಗಳಕ್ಕೆ ಒಂದು ಕೊನೆ ಕಾಣಿಸಬೇಕೆಂದು ವಕೀಲರೇ ಪಂಥ ಒಡ್ಡಿದರು. ಒಂದೇ ಒಂದು ವಾದ. ಟೀಚರ್ ಗೆದ್ದರೆ ಆ ವರ್ಷ ಹೊರಗಿನ ಪುಸ್ತಕಗಳೆಲ್ಲ ಅವರು ಹೇಳಿದ್ದೇ. ಸೋತರೆ ಮುಂದೆ ಎಂದೆಂದಿಗೂ ಆ ಮಾತು ಎತ್ತಬಾರದು. ಪುಸ್ತಕ ಯಾವುದೆಂದು ವಕೀಲರು ಹೇಳುವುದು. ನಾನು ಟೀಚರನ್ನು ಬದಿಗೆ ಕರೆದು, ಒಪ್ಪಬೇಡಿ, ಇವರು ಮೊದಲೇ ಓದಿ ಪೂರ್ತಿ ಸಿದ್ಧವಾಗಿ ಬಂದಿದ್ದಾರೆ ಎಂದೆ. ಟೀಚರ್ ಒಪ್ಪಿದರು. ಅಷ್ಟು ವರ್ಷ ಕಾದವರಿಗೆ ಇನ್ನೊಂದು ವರ್ಷ ಕಾಯುವ ತಾಳ್ಮೆ ಇರಲಿಲ್ಲ.

ವಕೀಲರು ಆರಿಸಿದ್ದು ಗುಲಾಮಗಿರಿಯ ಕಾದಂಬರಿಯನ್ನೇ. ಹತ್ತಿಯ ತೋಟದಿಂದ ತಪ್ಪಿಸಿಕೊಂಡು ಓಡಿಹೋದ ಹೆಂಗಸು, ಅವಳನ್ನು ಹುಡುಕಿಕೊಂಡು ಬಂದ ತೋಟದ ಯಜಮಾನ. ಟೀಚರ್ ಆ ಹೆಂಗಸಾಗಿ ಕುಳಿತರು, ವಕೀಲರು ಯಜಮಾನನಾಗಿ. ಮಾಳಿಗೆ ತುಂಬಿತ್ತು. ಪಂಥದ ಸುದ್ದಿ ಹರಡಿ ಬಳಗದವರಲ್ಲದ ಕೆಲವರೂ ಮೆಟ್ಟಿಲ ಮೇಲೆ ಕುಳಿತಿದ್ದರು.

ವಕೀಲರು ಅವತ್ತು ಹೇಳಿದ ಅರ್ಥವನ್ನು ನಾನು ಮರೆಯುವುದಿಲ್ಲ. ಯಜಮಾನ ಕೂಗಾಡಲಿಲ್ಲ. ನೊಂದ ತಂದೆಯ ಹಾಗೆ ಮಾತಾಡಿದ. ಉಪ್ಪಿನ ಋಣ ಎಂದರು. ಅನ್ನ ಹಾಕಿದವನ ಅಂಗಳ ದಾಟಿ ಹೋದವಳಿಗೆ ಯಾವ ಊರಿನಲ್ಲಿ ನೀರು ಹುಟ್ಟೀತು ಎಂದರು. ಜ್ವರ ಬಂದಾಗ ಮದ್ದು ಕೊಟ್ಟವರು ಯಾರು, ಚಳಿಗೆ ಹೊದೆಯಲು ಕೊಟ್ಟವರು ಯಾರು ಎಂದು ಕೇಳಿದರು. ನಡುವೆ ಎರಡು ಸಂಸ್ಕೃತ ಶ್ಲೋಕ ಬಂತು. ನಾವೆಲ್ಲ ಚಿಕ್ಕಂದಿನಿಂದ ಯಕ್ಷಗಾನದ ಆಟ, ತಾಳಮದ್ದಳೆಗಳಲ್ಲಿ ಋಣದ ಮಾತಿಗೆ ಕಣ್ಣೀರು ಹಾಕಿ ಬೆಳೆದವರು. ಆ ಮಾತು ಎಲ್ಲಿ ಬಂದರೂ ನಮ್ಮ ಕೈ ತಾನಾಗಿ ಚಪ್ಪಾಳೆಗೆ ಹೋಗುತ್ತದೆ. ಟೀಚರ್ ಒಂದೇ ವಾಕ್ಯದಲ್ಲಿ ಉತ್ತರ ಕೊಟ್ಟರು, ಆ ಉಪ್ಪಿನ ಮೂಟೆ ಹೊತ್ತು ತಂದವಳು ನಾನೇ ಅಲ್ಲವೇ ಎಂದು. ಚಪ್ಪಾಳೆಯ ಗದ್ದಲದಲ್ಲಿ ಅದು ಹತ್ತಿರ ಕುಳಿತ ನಾಲ್ಕು ಜನಕ್ಕೆ ಬಿಟ್ಟರೆ ಯಾರಿಗೂ ಕೇಳಿಸಲಿಲ್ಲ. ಮೆಟ್ಟಿಲ ಮೇಲಿದ್ದವರು ಭಲೇ ಭಲೇ ಎಂದರು. ವಕೀಲರು ಶಾಲಿನಿಂದ ಮುಖ ಒರೆಸಿಕೊಂಡರು. ಪಂಥ ಮುಗಿದ ಹಾಗೆಯೇ ಕಂಡಿತು.

ಚಪ್ಪಾಳೆ ನಿಲ್ಲುವವರೆಗೆ ಟೀಚರ್ ಕಾದರು. ಆಮೇಲೆ ಮಡಿಲಿನಿಂದ ಕನ್ನಡಕ ತೆಗೆದು ಹಾಕಿಕೊಂಡು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು.

"ಈಗ ಚಪ್ಪಾಳೆ ಹೊಡೆದದ್ದು ಯಾರಿಗೆ ಮಾರಾಯ್ರೆ?"

ವಕೀಲರ ಅರ್ಥಗಾರಿಕೆಗೆ ಎಂದು ಯಾರೋ ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದರು. ನಾವು ಯಾರಿಗೆ ಕೈ ತಟ್ಟಿದ್ದೆವು ಎಂಬುದು ಆಗ ಒಬ್ಬೊಬ್ಬರಿಗೇ ಹೊಳೆಯಿತು. ಓಡಿಹೋದ ಹೆಂಗಸನ್ನು ಹಿಡಿದು ತರಲಿಕ್ಕೆ ಬಂದವನಿಗೆ, ಪುತ್ತೂರಿನ ಮಾಳಿಗೆಯಲ್ಲಿ ಕುಳಿತ ಅಷ್ಟೂ ಸಭ್ಯರು ಭಲೇ ಎಂದಿದ್ದೆವು. ಡಾಕ್ಟರಮ್ಮ ತಲೆ ತಗ್ಗಿಸಿಕೊಂಡೇ ಕೈ ಎತ್ತಿದರು, ಟೀಚರ ಪರವಾಗಿ. ಒಂದೊಂದಾಗಿ ಇನ್ನಷ್ಟು ಕೈಗಳು ಏಳತೊಡಗಿದವು. ನನಗೆ ಖುಷಿಯಾಯಿತು, ಗೆದ್ದೇಬಿಟ್ಟರಲ್ಲ ಎಂದು. ಆದರೆ ಟೀಚರ್ ಬೇಡ ಎಂದು ಕೈಯಾಡಿಸಿದರು.

"ನಾಚಿಕೆಗೆ ಎತ್ತಿದ ಕೈ ನನಗೆ ಬೇಡ" ಎಂದರು. "ನಾಚಿಕೆ ಎಷ್ಟು ದಿನ ಉಳೀತದೆ? ಎರಡು ಪುಸ್ತಕ ಓದುವಷ್ಟರಲ್ಲಿ ಖರ್ಚಾಗ್ತದೆ."

ಸೋಲುತ್ತಿದ್ದ ಪಂಥ ಕೈಗೆ ಬಂದಾಗ ಬೇಡ ಎನ್ನುವವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ವಕೀಲರ ಮುಖದಲ್ಲಿದ್ದ ಗೆಲುವು ಯಾವಾಗಲೋ ಇಳಿದಿತ್ತು. ಅವರು ಕೆಟ್ಟವರಲ್ಲ. ಅರ್ಥ ಹೇಳುವ ಭರದಲ್ಲಿ ತಾವು ಎಲ್ಲಿಗೆ ತಲುಪಿದೆವು ಎಂದು ಅವರಿಗೂ ಕಂಡಿತ್ತು. "ಮತ್ತೆ ಎಂತ ಬೇಕು ಟೀಚರೆ, ನೀವೇ ಹೇಳಿ" ಎಂದರು, ಸಣ್ಣ ಧ್ವನಿಯಲ್ಲಿ.

"ತಪ್ಪು ನಿಮ್ಮದಲ್ಲ ವಕೀಲರೆ, ನಮ್ಮ ಕ್ರಮದ್ದು. ನಮ್ಮ ತಾಳಮದ್ದಳೆಯಲ್ಲಿ ಭಾಗವತರೇ ಇಲ್ಲ. ಪದ ಹೇಳುವವರಿಲ್ಲದೆ ಅರ್ಥ ಮಾತ್ರ ಹೇಳಿದ್ರೆ ಹೀಗೇ ಆಗುದು."

ತಾಳಮದ್ದಳೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾತ್ರಧಾರಿ ಎಷ್ಟೇ ವಾದ ಮಾಡಲಿ, ಮುಂದಿನ ಪದವನ್ನು ಭಾಗವತರು ಹಾಡಿದರೆ ಅವನು ಅದಕ್ಕೆ ತಲೆಬಾಗಬೇಕು. ಬಾಯಿಬಲದಿಂದ ಕಥೆಯನ್ನೇ ತಿರುಗಿಸುವ ಹಾಗಿಲ್ಲ. ಅಷ್ಟು ವರ್ಷ ನಾವು ಪುಸ್ತಕದ ಪಾತ್ರಗಳನ್ನು ಬಾಯಿಗೆ ಬಂದ ಹಾಗೆ ಮಾತಾಡಿಸಿದ್ದೆವು, ವಾದದ ನಡುವೆ ಬರೆದವರ ಒಂದು ಸಾಲನ್ನೂ ಓದಿಸಿರಲಿಲ್ಲ. ನಮ್ಮ ಊರಿನವರೇ ಮಾಡಬಹುದಾದ ತಪ್ಪು ಅದು. ನಮ್ಮ ಊರಿನವರಿಗೇ ಥಟ್ಟನೆ ತಿಳಿಯುವ ತಪ್ಪೂ ಹೌದು. ವಕೀಲರು ಎರಡೂ ಕೈ ಎತ್ತಿ ಮುಗಿದರು.

ಟೀಚರ್ ಚೀಲದಿಂದ ಬೇರೊಂದು ಪುಸ್ತಕ ತೆಗೆದರು. ಇದು ಪದ, ಇದಕ್ಕೆ ಅರ್ಥ ಬೇಡ, ಸುಮ್ಮನೆ ಕೇಳಿ ಎಂದರು. ಓದುವ ಮೊದಲು, "ಅಳ್ಲಿಕ್ಕೆ ಒಬ್ಬಳೇ ಇದ್ರೂ ಆಗ್ತದೆ. ನಗ್ಲಿಕ್ಕೆ ಜನ ಬೇಕು. ಹದಿನೈದು ವರ್ಷ ಒಬ್ಬಳೇ ನಕ್ಕದ್ದು ಸಾಕು ನನಗೆ" ಎಂದರು.

ಅದು ಪಶ್ಚಿಮ ಆಫ್ರಿಕಾದ ಒಂದು ಸಣ್ಣ ಪೇಟೆಯ ಕಥೆ. ಇಂಗ್ಲಿಷಿನ ಒಂದು ಸಾಲು ನೋಡುವುದು, ಅದನ್ನೇ ನಮ್ಮ ಭಾಷೆಯಲ್ಲಿ ಹೇಳುವುದು, ಹೀಗೆ ಓದುತ್ತ ಹೋದರು. ಒಬ್ಬ ಅತ್ತೆ. ಯಾವ ಮದುವೆಗೆ ಹೋಗುವುದಿದ್ದರೂ ಮನೆಯಿಂದ ತನ್ನದೇ ಕುರ್ಚಿ ತಲೆಯ ಮೇಲೆ ಹೊತ್ತುಕೊಂಡು ಹೋಗುವವಳು, ಯಾಕೆಂದರೆ ಎಂದೋ ಯಾರೋ ಅವಳನ್ನು ಅಡುಗೆಯವರ ಹತ್ತಿರ ಬೆಂಚಿನಲ್ಲಿ ಕೂರಿಸಿದ್ದರು. ಈ ಮದುವೆಯಲ್ಲಿ ಅವಳು ಕುರ್ಚಿ ಹಾಕಿದ್ದು ಫೋಟೋ ತೆಗೆಯುವವನ ಎದುರಿಗೇ. ಹುಡುಗಿಯ ಕಡೆಯವರು ಇವಳು ಹುಡುಗನ ಅಜ್ಜಿ ಎಂದುಕೊಂಡು ಬಡಿಸುತ್ತಾರೆ. ಹುಡುಗನ ಕಡೆಯವರು ಹುಡುಗಿಯ ಅಜ್ಜಿ ಎಂದುಕೊಂಡು ಇನ್ನಷ್ಟು ಬಡಿಸುತ್ತಾರೆ.

ಮೆಟ್ಟಿಲಿನ ಕಡೆಯಿಂದ ಮೊದಲ ನಗು ಬಂತು. ಡಾಕ್ಟರಮ್ಮ, ಇದು ನಮ್ಮ ಚಿಕ್ಕಮ್ಮ, ಸಂಶಯವೇ ಇಲ್ಲ ಎಂದರು. ಹುಡುಗಿಯ ಕಡೆಗೆ ಕೊಡಬೇಕಾದ ತೆರದ ಹಣದ ಜಗಳದಲ್ಲಿ ಅತ್ತೆ ಎರಡೂ ಕಡೆಯವರಿಗೆ ಬುದ್ಧಿ ಹೇಳಿ ರಾಜಿ ಮಾಡಿಸುವಾಗ ಮಾಳಿಗೆ ಇಡೀ ನಗುತ್ತಿತ್ತು. ಟೀಚರಿಗೇ ನಗು ತಡೆಯದೆ ಸಾಲುಗಳು ತುಂಡು ತುಂಡಾಗಿ ಬರುತ್ತಿದ್ದವು. ಅಷ್ಟರಲ್ಲಿ ಅತ್ತೆ ನಿಜವಾಗಿ ಹೋಗಬೇಕಾಗಿದ್ದ ಮದುವೆ ಪಕ್ಕದ ಬೀದಿಯದ್ದೆಂದು ಗೊತ್ತಾಗುತ್ತದೆ. ಯಾರೋ ಮೆಲ್ಲಗೆ ಬಂದು ಅವಳಿಗೆ ಅದನ್ನು ಹೇಳುತ್ತಾರೆ. ಅವಳು, ಸಿಹಿ ಬಡಿಸಿದ ಮೇಲೆ ನೋಡುವ ಎನ್ನುತ್ತಾಳೆ.

ಶಾಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ವಕೀಲರು, ಅಳುವ ಪುಸ್ತಕ ಎಂದು ವರ್ಷಗಟ್ಟಲೆ ಹೇಳಿದ ಅದೇ ವಕೀಲರು, ನಗುತ್ತ ನಗುತ್ತ ಇನ್ನೊಂದು ಕೈಯನ್ನು ಮೇಲೆತ್ತಿದರು. ಯಾರೂ ಕೇಳಿರಲಿಲ್ಲ, ಎಣಿಸುವವರೂ ಇರಲಿಲ್ಲ. ಅವರನ್ನು ನೋಡಿ ಡಾಕ್ಟರಮ್ಮ ಎತ್ತಿದರು, ನಾನು ಎತ್ತಿದೆ, ಮತಕ್ಕೆ ಹಕ್ಕೇ ಇಲ್ಲದ ಮೆಟ್ಟಿಲಿನವರೂ ಎತ್ತಿದರು. ಟೀಚರ್ ಪುಸ್ತಕದಿಂದ ತಲೆಯೆತ್ತಿ ಅಷ್ಟೂ ಕೈಗಳನ್ನು ನೋಡಿದರು. ಬೇಕಾದಷ್ಟು ಹೊತ್ತು ನೋಡಿದರು, ಒಂದಿಷ್ಟೂ ಸಂಕೋಚವಿಲ್ಲದೆ.

"ಕೈ ಇಳಿಸಿ ಮಾರಾಯ್ರೆ" ಎಂದರು. "ಮದುವೆ ಇನ್ನೂ ಮುಗೀಲಿಲ್ಲ."

ಮತ್ತೆ ಓದತೊಡಗಿದರು.